ಕಾಕಾ ಹೋಳಿಗಿ ತಿಂದಿಲ್ರೀ

"ಎಲ್ಲಿ ಮದಿವ್ಯಾಗ ಹೋಳಿಗಿ ಹೊಡದ್ ಬಂದಿ ಕಾಕಾ?"

ಅಷ್ಟ್ ಮಂದಿ ಮುಂದ. ಶುಗರ್ 340 ಬಂದ ಚೀಟಿ ಮೇಜಿನ ಮ್ಯಾಲ ಒಗದು ಸರಕಾರಿ ದವಾಖಾನಿ ಡಾಕ್ಟರು ಕೇಳಿದ ಮಾತು. ಪಾಳಿಯೊಳಗ ನಿಂತೋರು ಕಿಸಕ್ಕಂತ ನಕ್ಕರು. ಕಾಕಾ ಟವೆಲ್ಲಿನ ಅಂಚು ಬೆರಳಿಗಿ ಸುತ್ತಿಕೋತ ನೆಲ ನೋಡಿದ. ಚಹಾದಾಗ ಸಕ್ಕರಿ ಬಿಟ್ಟು ಆರು ವರ್ಷ ಆಗ್ಯಾದ ಆ ಮನಿಶಾಗ. "ಇಲ್ರೀ ಸಾಹೇಬ್ರ" ಅನ್ಲಾಕ ಬಾಯಿ ತೆರದ, ಕೆಮ್ಮು ಬಂತು. ನಕ್ಕವ್ರೇ ಮೂಗು ಮುಚ್ಚಿಕೊಂಡು ಹಿಂದ ಸರದರು.

ಶುಗರ್ ಏರಿಸಿದ್ದು ಹೋಳಿಗಿ ಅಲ್ರೀ, ಕಾಕಾ ನುಂಗೋ ರಿಫಾಂಪಿಸಿನ್! ಟಿಬಿ ಗುಳಿಗ್ಯಾಗ ಇರೋ ನಾಕು ಔಷಧದಾಗ ಒಂದು, ಉಚ್ಚಿ ಕಿತ್ತಳಿ ಬಣ್ಣ ಆಗ್ತದಲ್ಲ, ಅದ್ರದೇ ಕೆಲಸ. ಅದು ಲಿವರ್‌ಗಿ ಚುರುಕು ಮುಟ್ಟಸ್ತದ. ಚುರುಕಾದ ಲಿವರು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಗುಳಿಗಿ ಲಗೂನ ಖಾಲಿ ಮಾಡ್ತದ. ಒಂದೆರಡು ವಾರದಾಗ ಗುಳಿಗಿ ಅದೇ, ಡೋಸ್ ಅದೇ, ಶುಗರ್ ಮಾತ್ರ ಏರ್ಕೋತ ಹೋಗ್ತದ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಗುಳಿಗಿಗಿ ಈ ಕಾಟ ಅಷ್ಟಿಲ್ಲ. ಭಾಳ ಏರಿದ್ರ ಇನ್ಸುಲಿನ್ ಅದ. ಡೋಸ್ ನೋಡಬೇಕಾದೋರು ಹೋಳಿಗಿ ಹುಡುಕಿದ್ರು. ಟಿಬಿ ಕಾರ್ಡ್ ಅಂವನ ಅಂಗಿ ಕಿಸೆದಾಗೇ ಇತ್ತು. "ಬ್ಯಾರೆ ಏನರ ಗುಳಿಗಿ ನುಂಗ್ತಿ ಏನು" ಅಂತ ಒಂದ್ ಮಾತು ಕೇಳಿದ್ರ ಮುಗೀತಿತ್ತು.

ಬಿಡ್ರಿ. ಆ ಗದ್ದಲದಾಗ, ಈ ಕಲಬುರಗಿ ಬಿಸಲಾಗ, ಅವರರೇ ಎಷ್ಟು ಮಂದೀನ ನೋಡ್ತಾರ.

ಇಲ್ಲ, ಯಾಕ ಬಿಡಬೇಕು? ಮೂರು ತಿಂಗಳ ಹಿಂದ ತೂಕ 58ರಿಂದ 49ಕ್ಕ ಇಳದಾಗ ಇದೇ ಮೇಜಿನ್ಯಾಗ "ಭೇಷ್, ಪಥ್ಯ ಚಲೋ ಮಾಡಿ" ಅಂದಿದ್ರು! ಪಥ್ಯ ಎಲ್ಲಿದು, ಕ್ಷಯ ತಿನ್ಲಾಕತ್ತಿತ್ತು. ಸಕ್ಕರಿ ಬ್ಯಾನಿ ಇದ್ದೋರಿಗಿ ಟಿಬಿ ಬರೋದು ಉಳಿದೋರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಎರಡು ವಾರದ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಇವಿಷ್ಟು ಪ್ರತಿ ಸಲ ಕೇಳಬೇಕು. ಒಂದಿದ್ರೂ ಕಫ ಕಳಿಸಬೇಕು, ಆಗಿಂದಾಗ ಒಂದು, ಮುಂಜಾನೆ ಎದ್ದ ಕೂಡ್ಲೆ ಒಂದು. ಎಕ್ಸ್‌ರೇ ಒಂದೇ ನಂಬಿ ಕೂಡಬಾರ್ದು. ಶುಗರ್ ಇದ್ದೋರಿಗಿ ಟಿಬಿ ಕಲೆ ಪುಪ್ಪುಸದ ಕೆಳಗಿನ ಭಾಗದಾಗೂ ಬರ್ತದ, ನ್ಯುಮೋನಿಯಾ ಅಂತ ತಿಳದು ಆಂಟಿಬಯಾಟಿಕ್ ಕೊಟ್ಟು ಕಳಸ್ತಾರ. ಟಿಬಿ ಇದ್ದೋರಿಗಿ ಶುಗರ್ ನೋಡ್ರಿ, ಶುಗರ್ ಇದ್ದೋರಿಗಿ ಟಿಬಿ ನೋಡ್ರಿ ಅಂತ ಕೇಂದ್ರ ಸರಕಾರ 2017ರಾಗೇ ಬರದು ಕೊಟ್ಟದ.

ನಾನರೇ ಏನ್ ದೊಡ್ಡ ಶೂರ. ಬಾಜೂಕ ನಿಂತಿದ್ದೆ, ಇದೆಲ್ಲಾ ಗೊತ್ತಿತ್ತು, ಬಾಯಿಗಿ ಬೀಗ. ಈಗ ಫ್ಯಾನಿನ ಕೆಳಗ ಕುಂತು ಮೊಬೈಲಿನ್ಯಾಗ ಮೀಸಿ ತಿರವಲಾಕತ್ತೀನಿ.

ಇನ್ನೊಂದು ತಮಾಷಿ. ಶುಗರ್ ಖೋಲಿಯವ್ರು "ರೊಟ್ಟಿ ಎರಡರ ಮ್ಯಾಲ ಮುಟ್ಟಬ್ಯಾಡ" ಅಂತಾರ, ಬಾಜೂ ಟಿಬಿ ಖೋಲಿಯವ್ರು "ಹೊಟ್ಟಿ ತುಂಬ ಉಣ್ಣು" ಅಂತಾರ. ಟಿಬಿ ಇದ್ದೋರ ಪೋಷಣೆಗಂತ ತಿಂಗಳಾ 1000 ರೂಪಾಯಿ ಖಾತೆಗಿ ಹಾಕೋದು ಸರಕಾರ, ಉಣಬ್ಯಾಡ ಅನ್ನೋದು ಸರಕಾರಿ ದವಾಖಾನಿ. ಟಿಬಿ ಇದ್ದಾಗ ಉಪಾಸ ಕೆಡವಬಾರ್ದ್ರೀ. ತತ್ತಿ, ಬ್ಯಾಳಿ, ಶೇಂಗಾ, ಪುಂಡಿಪಲ್ಯ ಹೆಚ್ಚ ಮಾಡ್ರಿ, ಶುಗರ್ ಗುಳಿಗಿಲೆ ಹಿಡೀರಿ. ಕಾಲು ಉರೀತಾವ ಅಂದ್ರ "ಶುಗರ್ ಅದ, ಉರೀತಾವ" ಅಂತ ಕಳಿಸಿಬಿಟ್ರು. ಟಿಬಿ ಗುಳಿಗ್ಯಾಗಿನ ಇನ್ನೊಂದು ಔಷಧ ಐಸೋನಿಯಾಜಿಡ್ ಸೈತ ನರ ಸುಡ್ತದ, ಅದಕ್ಕಂತೇ ದಿನಾ 10 ಮಿಲಿಗ್ರಾಂ ವಿಟಮಿನ್ ಬಿ6 ಗುಳಿಗಿ ಕೊಡೋದು. ಅದು ಸಿಕ್ಕದೋ ಇಲ್ಲೋ ಅಂತ ಯಾರೂ ಕೇಳಿಲ್ಲ.

ಯಾರರೇ ಉತ್ತರ ಕೊಡ್ರಪ್ಪಾ. ಇವತ್ತು ಬೈದು ಡೋಸ್ ಏರಿಸ್ಯಾರ, ಚಲೋ ಆಯ್ತು. ಆರು ತಿಂಗಳಿಗಿ ಟಿಬಿ ಗುಳಿಗಿ ನಿಲ್ತದ. ಒಂದೆರಡು ವಾರದಾಗ ಲಿವರು ಮೊದಲಿನ ಚಾಲಿಗಿ ಬರ್ತದ. ಆಗ ಈ ಏರಿಸಿದ ಡೋಸ್ ಇಳಸಬೇಕು ಅಂತ ಯಾವ ಚೀಟಿಯೊಳಗೂ ಬರದಿಲ್ಲ. ಜೇವರ್ಗಿ ಬಸ್ಸಿನ್ಯಾಗ ಶುಗರ್ ಬಿದ್ದು, ಮೈಯೆಲ್ಲಾ ಬೆವತು, ಗದಗದ ನಡುಗಿ ಅಂವ ಒರಗಿದ್ರ ಏನ್ ಕೇಳ್ತೀರಿ? "ಯಾವ ದೇವರ ಉಪಾಸ ಮಾಡಿದಿ ಕಾಕಾ?"