ಅಡಿಕೆಗೆ ಸರಿ, ಮನುಷ್ಯರಿಗೆ?

ಜನರನ್ನು ಅಳೆಯುವ ಬಗ್ಗೆ ನಿಮ್ಮ ಲೇಖನದಲ್ಲಿ 'ಅನುಭವ ಇದ್ದವರ ಮೊದಲ ಅಂದಾಜು ತಪ್ಪುವುದು ಕಡಿಮೆ' ಎಂದು ಬರೆದು, ನಮ್ಮ ಶಿರಸಿಯ ಅಡಿಕೆ ವ್ಯಾಪಾರಿಗಳ ಉದಾಹರಣೆ ಕೊಟ್ಟಿದ್ದೀರಿ. ಅಡಿಕೆ ಮಟ್ಟಿಗೆ ಒಪ್ಪಿದೆ. ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಹಣ್ಣಡಿಕೆ) ಎಂಥದ್ದು ಎಂದು ತಿಳಿಯಲು ಅವರಿಗೆ ಒಂದು ನೋಟ ಸಾಕು. ಆದರೆ ಅಂದಾಜು ತಪ್ಪಿದರೆ ಅಡಿಕೆ ಕತ್ತರಿಸಿದಾಗ ಗೊತ್ತಾಗುತ್ತದೆ, ದುಡ್ಡೂ ಹೋಗುತ್ತದೆ. ಹಾಗೆ ಪೆಟ್ಟು ತಿಂದೇ ಕಣ್ಣು ಪಳಗಿದ್ದು. ಮನುಷ್ಯರ ವಿಷಯದಲ್ಲಿ ಆ ಪೆಟ್ಟು ಎಲ್ಲಿದೆ? ಸಂದರ್ಶನದಲ್ಲಿ 'ಇವನು ಆಗೋದಿಲ್ಲ' ಎಂದು ಕಳಿಸಿದ ಹುಡುಗ ಬೇರೆ ಕಡೆ ಹೇಗೆ ಕೆಲಸ ಮಾಡಿದ ಅಂತ ಯಾರೂ ವಾಪಸ್ ಬಂದು ಹೇಳುವುದಿಲ್ಲ, ಅಲ್ವಾ? ತಪ್ಪಿದ್ದು ಗೊತ್ತೇ ಆಗದೆ ಅನುಭವ ಮಾತ್ರ ಜಾಸ್ತಿ ಆಗುತ್ತದೆ.

ಪೀಟರ್ ವೇಸನ್ ಎಂಬ ಮನೋವಿಜ್ಞಾನಿ 1960ರಲ್ಲಿ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇದರ ನಿಯಮ ಹುಡುಕಿ ಎಂದಿದ್ದರು. ಹೆಚ್ಚಿನವರು 8, 10, 12 ಥರದ, ತಮ್ಮ ಊಹೆಗೆ ಹೊಂದುವ ಸಂಖ್ಯೆಗಳನ್ನೇ ಹಾಕಿ ನೋಡಿದರು. ನಿಯಮ ಇದ್ದದ್ದು ಸುಮ್ನೆ ಏರುತ್ತಾ ಹೋಗುವ ಮೂರು ಸಂಖ್ಯೆ, ಅಷ್ಟೇ. ಊಹೆಗೆ ಹೊಂದದ ಸಂಖ್ಯೆ ಹಾಕಿ ನೋಡದಿದ್ದರೆ ಊಹೆ ತಪ್ಪಿದ್ದು ಗೊತ್ತಾಗುವುದು ಹೇಗೆ?

ಯಲ್ಲಾಪುರದ ಕಡೆ ಸಿದ್ದಿ ಹುಡುಗರನ್ನು ಕಂಡರೆ ಹೊರಗಿನಿಂದ ಬಂದವರು ವಿದೇಶಿಯರು ಎಂದುಕೊಂಡು ಇಂಗ್ಲಿಷ್ ಶುರು ಮಾಡುತ್ತಾರೆ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳೇ ಆದವು. ಬಹಳ ಮನೆಗಳಲ್ಲಿ ಕೊಂಕಣಿ, ಕನ್ನಡವೂ ಸಲೀಸು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಹೋದರು. ಹುಡುಗ ಕನ್ನಡದಲ್ಲೇ ಉತ್ತರ ಕೊಟ್ಟರೂ ಇವರ ಊಹೆ ಅಲುಗಾಡುವುದಿಲ್ಲ. 'ಅರೆ, ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ!' ಎನ್ನುತ್ತಾರೆ.