ಅಜ್ಜಿಯನ್ನು ಬರೆದಿಡುವ ಕೆಲಸ

ಮನೆಯ ಹಿರಿಯಜ್ಜಿ ತೀರಿಕೊಂಡ ದಿನ ಹಾಕುವ ಬರಹಗಳಲ್ಲಿ ಮಮತಾಮಯಿ, ತ್ಯಾಗಮಯಿ, ಸಹನಾಮೂರ್ತಿ ಎಂಬ ಪದಗಳು ಇದ್ದೇ ಇರುತ್ತವೆ. ಸುಳ್ಳೇನೂ ಅಲ್ಲ. ಆದರೆ ಫೋಟೋ ಒಂದನ್ನು ಬದಲಿಸಿದರೆ ಅದೇ ಬರಹ ಯಾರ ಅಜ್ಜಿಗಾದರೂ ಒಪ್ಪುತ್ತದೆ. ಇಡೀ ಸಂಸಾರವನ್ನು ಹೊತ್ತು ನಿಂತವಳಿಗೆ ಇಷ್ಟು ಸಾಲದು ಅಂತ ನನಗೆ ಬಲವಾಗಿ ಅನಿಸುತ್ತದೆ. ದುಡ್ಡನ್ನು ಎಲ್ಲಿ ಮುಚ್ಚಿಡುತ್ತಿದ್ದಳು, ಯಾರ ಜತೆ ಮಾತು ಬಿಟ್ಟಿದ್ದಳು, ಸಿಟ್ಟು ಬಂದಾಗ ಏನನ್ನುತ್ತಿದ್ದಳು, ಯಾವ ನಿರ್ಧಾರವನ್ನು ಮನೆಯವರೆಲ್ಲ ಬೇಡವೆಂದರೂ ತಾನೇ ತೆಗೆದುಕೊಂಡಳು? ಮರಿಮಕ್ಕಳಿಗೆ ಆಕೆ ಸಿಗುವುದು ಇಂಥವುಗಳಲ್ಲೇ. ಇವನ್ನು ಕೂಡಿಸುವ ಕೆಲಸ ಆಕೆ ಇರುವಾಗಲೇ ಶುರುವಾಗಬೇಕು.

ಮೊದಲು ಧ್ವನಿ. ವಿಡಿಯೋ ಚೆಂದವೇ, ಆದರೆ ಕ್ಯಾಮೆರಾ ಕಂಡ ಕೂಡಲೇ ಹಿರಿಯರು ಸೆಟೆದು ಕೂರುತ್ತಾರೆ, ಒಪ್ಪಿಸುವ ದನಿಯಲ್ಲಿ ಮಾತಾಡುತ್ತಾರೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಆಕೆಯ ಬಾಯಿಂದ ಒಂದೆರಡು ಅಡಿ ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ಬಳೆ ತಾಗಿದ್ದೂ ಸಿಡಿಲಿನಂತೆ ಕೇಳಿಸುತ್ತದೆ. ಫ್ಯಾನ್ ಆರಿಸಿ. ಅಲ್ಲೇ ಕೂತವರ ಕಿವಿಗೆ ಫ್ಯಾನಿನ ಸದ್ದು ಹತ್ತುವುದಿಲ್ಲ, ರೆಕಾರ್ಡಿಂಗ್‌ನಲ್ಲಿ ಮಾತ್ರ ಅದು ಮಾತನ್ನೆಲ್ಲ ನುಂಗುತ್ತದೆ. ಎರಡು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಮುಂದುವರಿಯಿರಿ. ಸಾಧ್ಯವಿದ್ದರೆ ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಫಾರ್ಮ್ಯಾಟ್ ಇರಲಿ. 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ (ಒಂದೇ ಚಾನೆಲ್) ಎಂಬ ಸೆಟ್ಟಿಂಗ್‌ನಲ್ಲಿ ಗಂಟೆಗೆ ಸುಮಾರು 317 ಎಂಬಿ ಆಗುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಅದಕ್ಕಿಂತ ಎಳೆದರೆ ದಣಿವಿಗೆ ಉತ್ತರ ಚಿಕ್ಕದಾಗುತ್ತಾ ಹೋಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಪ್ರಶ್ನೆಯಲ್ಲಿ. "ನಿನ್ನ ಜೀವನದ ಬಗ್ಗೆ ಹೇಳಜ್ಜಿ" ಅಂದರೆ "ಹೇಳುವುದಕ್ಕೇನಿದೆ, ಎಲ್ಲರ ಹಾಗೇ" ಅನ್ನುವ ಉತ್ತರ ಬರುತ್ತದೆ. ಜಾಗ ಹಿಡಿದು ಕೇಳಿ: ನೀನು ಹುಟ್ಟಿದ ಮನೆಯ ಬಾಗಿಲಲ್ಲಿ ನಿಂತರೆ ಎಡಗಡೆ ಏನಿತ್ತು? ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದರು? ನೀರು ಎಲ್ಲಿಂದ ಬರುತ್ತಿತ್ತು? ಕೈಗೆ ಕಾಗದ ಕೊಟ್ಟು ಮನೆಯ ನಕ್ಷೆ ಬಿಡಿಸಲು ಹೇಳಿ. ಒಂದೊಂದು ಕೋಣೆ ಬರೆಯುವಾಗ ಆ ಕೋಣೆಯ ಜನ ತಾವಾಗಿಯೇ ಬರುತ್ತಾರೆ. ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ಇಳಿವಯಸ್ಸಿನಲ್ಲೂ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತವೆ ಎಂಬುದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡ ಸಂಗತಿ. ಅಲ್ಲಿಂದಲೇ ಶುರು ಮಾಡಿ. ಇಸವಿ ಕೇಳಬೇಡಿ. "ದೊಡ್ಡವನು ಹುಟ್ಟುವ ಮೊದಲೋ ಆಮೇಲೋ?" ಎಂದು ಕೇಳಿ, ಇಸವಿಯನ್ನು ನೀವು ಲೆಕ್ಕ ಹಾಕಿಕೊಳ್ಳಿ.

ಆಕೆ ಸುಮ್ಮನಾದರೆ ಹತ್ತು ಎಣಿಸುವವರೆಗೆ ನೀವೂ ಸುಮ್ಮನಿರಿ. ಆ ಮೌನದ ಆಚೆಯೇ ಒಳ್ಳೆಯ ಮಾತಿರುತ್ತದೆ, ನಾವು ಅವಸರಕ್ಕೆ ಮುಂದಿನ ಪ್ರಶ್ನೆ ಹಾಕಿ ಅದನ್ನು ಕಳೆಯುತ್ತೇವೆ. ಇನ್ನೊಂದು ದೊಡ್ಡ ಅಡ್ಡಿ ಮಕ್ಕಳು. ಮಗನೋ ಮಗಳೋ ಪಕ್ಕದಲ್ಲಿ ಕೂತು "ಹಾಗಲ್ಲಮ್ಮ, ಅದು ಬೇರೆ ವರ್ಷ" ಅಂತ ತಿದ್ದಿದರೆ ಅಜ್ಜಿ ಅಲ್ಲಿಗೆ ಬಾಯಿ ಮುಚ್ಚುತ್ತಾಳೆ. ಅವರ ಆವೃತ್ತಿಯನ್ನು ಬೇರೆ ದಿನ, ಬೇರೆಯಾಗಿ ರೆಕಾರ್ಡ್ ಮಾಡಿ. ಎರಡೂ ಇರಲಿ. ಮರೆವಿನ ಕಾಯಿಲೆ ಇದ್ದರಂತೂ "ನೆನಪಿದೆಯಾ?" ಎನ್ನುವ ಪ್ರಶ್ನೆಯೇ ಬೇಡ, ಅದು ಪರೀಕ್ಷೆಯಾಗುತ್ತದೆ. ಹಳೆಯ ಸೀರೆಯನ್ನೋ ಪಾತ್ರೆಯನ್ನೋ ಕೈಗೆ ಕೊಟ್ಟು ಕಾಯಿರಿ. "ಇದನ್ನು ಬರೀಬೇಡ" ಅಂದದ್ದನ್ನು ಬರೆಯಬಾರದು. ಇದರಲ್ಲಿ ರಾಜಿ ಇಲ್ಲ.

ಕೈಕೆಲಸವನ್ನು ಬಾಯಲ್ಲಿ ಕೇಳಿ ಬರೆದುಕೊಂಡರೆ ತಪ್ಪುತ್ತದೆ, ಏಕೆಂದರೆ ಆಕೆಗೆ ಅಳತೆ ಇರುವುದು ಕೈಯಲ್ಲಿ. ಅಡುಗೆಯಾದರೆ ಆಕೆ ಎತ್ತಿಕೊಂಡ ಹಿಡಿಯನ್ನು ಪಾತ್ರೆಗೆ ಬೀಳುವ ಮೊದಲು ಅಡುಗೆ ತಕ್ಕಡಿಯ ಮೇಲೆ ಸುರಿಸಿಕೊಳ್ಳಿ, ಗ್ರಾಂ ಬರೆದುಕೊಂಡು ಪಾತ್ರೆಗೆ ಹಾಕಿ. ಬೇರೆ ಬೇರೆ ದಿನ ಮೂರು ಸಲ ಮಾಡಿದರೆ ಸರಾಸರಿ ಸಿಗುತ್ತದೆ. ಹೊಲಿಗೆ, ಹೆಣಿಗೆ ಆದರೆ ಮೊಬೈಲನ್ನು ಆಕೆಯ ಹೆಗಲ ಹಿಂದಿನಿಂದ ಹಿಡಿಯಿರಿ. ಎದುರಿನಿಂದ ತೆಗೆದ ವಿಡಿಯೋದಲ್ಲಿ ಎಡಗೈ ಬಲಗೈ ಅದಲುಬದಲಾಗಿ ಕಂಡು, ಕಲಿಯುವವರಿಗೆ ತೊಡಕಾಗುತ್ತದೆ.

ಫೋಟೋಗಳಲ್ಲಿ ಅಪಾಯದಲ್ಲಿರುವುದು ಮುಖಕ್ಕಿಂತ ಹೆಸರು. ಯಾರು ಯಾರೆಂದು ಹೇಳಬಲ್ಲವರು ಮನೆಗೆ ಒಬ್ಬಿಬ್ಬರೇ ಉಳಿದಿರುತ್ತಾರೆ. ಹಳೆಯ ಕಾಗದದ ಫೋಟೋಗಳ ಹಿಂದೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ, ಶಾಯಿ ಪಕ್ಕದ ಫೋಟೋಗೆ ಅಂಟುತ್ತದೆ. ಪ್ಲಾಸ್ಟಿಕ್ ಲೇಪದ ಹೊಸ ಫೋಟೋಗಳ ಮೇಲೆ ಪೆನ್ಸಿಲ್ ಹಿಡಿಯದು, ಅವಕ್ಕೆ ಲಕೋಟೆಯ ಮೇಲೆ ಬರೆಯಿರಿ. ಅಂಟುಹಾಳೆಯ ಆಲ್ಬಂಗಳಲ್ಲಿ ಸಿಕ್ಕಿಕೊಂಡ ಫೋಟೋವನ್ನು ಮೂಲೆ ಹಿಡಿದು ಎಳೆಯಬೇಡಿ. ಮೊದಲು ಪುಟವನ್ನು ಇದ್ದ ಹಾಗೇ ಕ್ಲಿಕ್ ಮಾಡಿಕೊಂಡು, ಹಲ್ಲಿನ ಸಂದು ಶುಚಿ ಮಾಡುವ ಮೇಣವಿಲ್ಲದ ದಾರವನ್ನು (ಡೆಂಟಲ್ ಫ್ಲಾಸ್) ಫೋಟೋದ ಅಡಿ ತೂರಿಸಿ ನಿಧಾನಕ್ಕೆ ಆಚೀಚೆ ಜಗ್ಗಿ. ಸ್ಕ್ಯಾನ್‌ಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಇರಲಿ, ಪಾಸ್‌ಪೋರ್ಟ್ ಅಳತೆಯ ಚಿಕ್ಕವಕ್ಕೆ 1200. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದನ್ನೇ ಸಂಗ್ರಹ ಅಂದುಕೊಳ್ಳಬೇಡಿ, ಮಾಮೂಲಿಯಾಗಿ ಕಳಿಸಿದರೆ ಅಲ್ಲಿ ಚಿತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದ ಗುಣಮಟ್ಟ ಉಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ.

ಆಕೆ ಈಗಾಗಲೇ ಹೋಗಿದ್ದರೆ ಮೊದಲ ವಾರದಲ್ಲೇ ಆಕೆಯ ಮೊಬೈಲನ್ನು ಎತ್ತಿಡಿ. ಫಾರ್ಮ್ಯಾಟ್ ಮಾಡಿ ಯಾರಿಗೋ ಕೊಟ್ಟುಬಿಡುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. 120 ದಿನ ಬಳಸದೆ ಬಿಟ್ಟರೆ ವಾಟ್ಸಾಪ್ ಖಾತೆ ಅಳಿಯುತ್ತದೆ, ಆಕೆ ಹಾಕಿಕೊಂಡಿದ್ದ ಫೋಟೋ ಕೂಡ ಹೋಗುತ್ತದೆ. ಆಕೆ ಕಳಿಸಿದ ಧ್ವನಿ ಸಂದೇಶಗಳನ್ನು ನಿಮ್ಮ ಮೊಬೈಲಿನಿಂದ ಒಂದೊಂದಾಗಿ ಹೊರತೆಗೆದು, ಕಡತದ ಹೆಸರಲ್ಲೇ ತಾರೀಖು ಹಾಕಿ. ಮದುವೆಯ ವಿಡಿಯೋ ಟೇಪುಗಳ ಹಿನ್ನೆಲೆಯಲ್ಲೂ ಆಕೆಯ ದನಿ ಇರಬಹುದು. ಆಮೇಲೆ ಆಕೆಯ ತಂಗಿ, ಓರಗಿತ್ತಿ, ಹಳೆಯ ನೆರೆಯವರ ಬಳಿ ಹೋಗಿ. ಮಕ್ಕಳು ಕಂಡದ್ದು ತಾಯಿಯನ್ನು. ಈ ಹೆಂಗಸರು ಮಾತ್ರ ಆಕೆ ಹದಿನೆಂಟರ ಹುಡುಗಿಯಾಗಿದ್ದಾಗ ಏನು ಬಯಸಿದ್ದಳು ಅಂತ ಹೇಳಬಲ್ಲರು.

ಬರೆಯುವಾಗ ಮೊದಲ ಸಾಲಲ್ಲಿ ಆಕೆಯ ಹೆಸರಿರಲಿ. ಇಂಥವರ ಪತ್ನಿ, ಇಂಥವರ ತಾಯಿ ಎನ್ನುವುದು ಆಮೇಲೆ ಬರಲಿ. ಹುಟ್ಟುಹೆಸರು, ಕರೆಯುವ ಹೆಸರು, ಕಾಗದಪತ್ರದ ಹೆಸರು ಬೇರೆ ಬೇರೆಯಾಗಿದ್ದರೆ ಮೂರನ್ನೂ ಬರೆಯಿರಿ, ಮುಂದೆ ದಾಖಲೆ ಹುಡುಕುವವರಿಗೆ ಅದೇ ಬೀಗದ ಕೈ. ಪ್ರತಿ ಗುಣವಾಚಕವನ್ನೂ ಹೊಡೆದುಹಾಕಿ, ಅದರ ಜಾಗದಲ್ಲಿ ಆಕೆ ಮಾಡಿದ ಒಂದು ಕೆಲಸ ಬರೆಯಿರಿ. ಆಕೆಯ ಹಟ, ಪಕ್ಷಪಾತ, ತಪ್ಪು ನಿರ್ಧಾರ ಕೂಡ ಇರಲಿ. ಅವನ್ನು ತೆಗೆದರೆ ಉಳಿಯುವುದು ಗೋಡೆಯ ಫೋಟೋ ಮಾತ್ರ. ಮುದ್ರಿಸುವಾಗ ಅಕ್ಷರ ದೊಡ್ಡದಿರಲಿ, ಬಲಗಡೆ ಮೂರು ಬೆರಳಷ್ಟು ಅಂಚು ಬಿಟ್ಟು ಮೊದಲ ಪ್ರತಿಗಳನ್ನು ಹಿರಿಯರಿಗೆ ಪೆನ್ಸಿಲ್ ಜತೆ ಕೊಡಿ. ಬಾಯಿಬಿಟ್ಟು ಹೇಳದವರೂ ಆ ಅಂಚಿನಲ್ಲಿ ಬರೆಯುತ್ತಾರೆ.