ಲೋವರ್ ಆರ್ಮ್ ಮುರಿದರೆ ತಪ್ಪು ಗುಂಡಿಯದ್ದಂತೆ!

ಕಾರಿನ ಸಸ್ಪೆನ್ಶನ್ (ಚಕ್ರವನ್ನು ಹಿಡಿದಿಟ್ಟು ಕುಲುಕಾಟ ತಡೆಯೋ ಭಾಗಗಳು) ಕೈಕೊಟ್ಟರೆ ಸರ್ವೀಸ್ ಸೆಂಟರಿನವರ ಬಾಯಲ್ಲಿ ಬರೋದು ಒಂದೇ ಮಾತು. "ರೋಡ್ ಸರಿಯಿಲ್ಲ ಸಾರ್, ಗುಂಡಿಗೆ ಇಳಿಸಿದ್ದೀರ."

ನನಗೂ ಅದನ್ನೇ ಹೇಳಿದರು. ಮುಂದಿನ ಎಡಗಡೆ ಚಕ್ರದಿಂದ ಟಕ್ ಟಕ್ ಸದ್ದು ಬರ್ತಿದೆ ಅಂತ ಕಾರು ಬಿಟ್ಟಾಗಲೆಲ್ಲ "ಚೆಕ್ ಮಾಡಿದ್ವಿ, ಏನೂ ಇಲ್ಲ" ಅಂದರು. ಕೊನೆಗೆ ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡೋ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ (ಗುಂಡಿನಂಥ ಕೀಲು) ಕಿತ್ತು ಬಂದು, ಚಕ್ರ ಓರೆಯಾಗಿ ನಿಂತಿತು. ಪಕ್ಕದ ಸೀಟಿನಲ್ಲಿ ಅಮ್ಮ ಇದ್ದರು. ಸ್ಪೀಡ್ ಕಮ್ಮಿ ಇತ್ತು, ಬಚಾವಾದೆವು. ಹೈವೇಯಲ್ಲಿ ಆಗಿದ್ದರೆ? ಯೋಚಿಸಿದರೆ ಈಗಲೂ ಕೈ ನಡುಗುತ್ತದೆ. ಸರ್ವೀಸಿನವರು ಮಾತ್ರ "ಇದಕ್ಕೆ ವಾರಂಟಿ ಬರಲ್ಲ" ಅಂತ ಬಿಲ್ ಕೈಗಿಟ್ಟರು.

ಹೊರಗಿನ ಗ್ಯಾರೇಜಿನವರು ನೋಡಿದ ತಕ್ಷಣ ಏನಂದರು ಗೊತ್ತಾ? "ಈ ಮಾಡೆಲ್‌ಗೆ ಇದು ಕಾಮನ್." ಗ್ಯಾರೇಜಿನವರಿಗೆ ಗೊತ್ತಿರೋದು ಕಂಪನಿಗೆ ಗೊತ್ತಿಲ್ವಾ? ನಮ್ಮ ರಸ್ತೆಯಲ್ಲಿ ಗುಂಡಿ ಇರೋದು ಕಾರು ಮಾರುವಾಗ ಗೊತ್ತಿರಲಿಲ್ವಾ?

ಈ ಚಾಳಿ ಎಲ್ಲ ಕಡೆ ಇದೆ. 2020ರಲ್ಲಿ ಟೆಸ್ಲಾ ಚೀನಾದಲ್ಲಿ ಸುಮಾರು 30,000 ಕಾರುಗಳನ್ನು ಸಸ್ಪೆನ್ಶನ್ ತೊಂದರೆಗಾಗಿ ರೀಕಾಲ್ ಮಾಡಿತು, ಅಂದರೆ ಸರಿ ಮಾಡಿಕೊಡೋಕೆ ವಾಪಸ್ ಕರೆಸಿತು. ಅದೇ ಕಂಪನಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಗೆ ಬರೆದ ಪತ್ರದಲ್ಲಿ, ದೋಷ ಇಲ್ಲ, ಚೀನಾದ ಚಾಲಕರು ಒರಟಾಗಿ ಓಡಿಸಿದ್ದೇ ಕಾರಣ ಅಂತ ಹೇಳಿತು. ಆ ಸಂಸ್ಥೆ ಸುಮ್ನೆ ಕೂರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಸುಮಾರು 1,15,000 ಟೆಸ್ಲಾ ಕಾರುಗಳ ಬಗ್ಗೆ ತನಿಖೆ ಶುರು ಮಾಡಿತು. ಅಲ್ಲಿ ತನಿಖೆಗೆ ಇಂತಿಷ್ಟೇ ದೂರು ಬರಬೇಕು ಅಂತೇನೂ ಇಲ್ಲ. ಬಂದ ದೂರುಗಳನ್ನು ಯಾರು ಬೇಕಾದರೂ ಓದಬಹುದು.

ನಮ್ಮಲ್ಲೂ ಕಾನೂನು ಇದೆ ಸ್ವಾಮಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ರೀಕಾಲ್‌ಗೇ ಒಂದು ಸೆಕ್ಷನ್ ಇದೆ. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಕಡ್ಡಾಯ ರೀಕಾಲ್‌ಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಆದರೆ ಅದಕ್ಕೆ ಮೊದಲು ಮಾರಾಟಕ್ಕೆ ತಕ್ಕಂತೆ ಇಷ್ಟು ಮಾಲೀಕರು ದೂರು ಕೊಟ್ಟಿರಬೇಕು. ಗಾಡಿಗೆ 7 ವರ್ಷ ದಾಟಿರಬಾರದು. ದೂರು ಕೊಡಬಹುದು ಅನ್ನೋದೇ ಎಷ್ಟು ಜನಕ್ಕೆ ಗೊತ್ತು? "ನಿಮ್ಮ ತಪ್ಪು" ಅಂತ ಒಬ್ಬೊಬ್ಬರನ್ನೇ ಮನೆಗೆ ಕಳಿಸಿದರೆ ಆ ಲೆಕ್ಕ ತುಂಬೋದು ಯಾವಾಗ?

ಓಲಾ ಸ್ಕೂಟರಿನ ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿಡೋ ಭಾಗ) ಮುರಿದ ಫೋಟೊಗಳು 2022ರಲ್ಲೇ ಓಡಾಡಿದವು. 2023ರ ಮಾರ್ಚ್‌ನಲ್ಲಿ ಕಂಪನಿ ಹೊಸ ಫೋರ್ಕ್ ಪುಕ್ಕಟೆ ಹಾಕಿಕೊಡ್ತೀವಿ ಅಂತು. ಜೊತೆಗೇ, ಜನರ ಭಯಕ್ಕೆ ಆಧಾರವಿಲ್ಲ ಅಂತಲೂ ಹೇಳಿತು. ಭಯಪಡೋಕೆ ಏನೂ ಇಲ್ಲದಿದ್ದರೆ ಪುಕ್ಕಟೆ ಯಾಕೆ ಬದಲಿಸಬೇಕಿತ್ತು?

ನಾನು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇನೆ. ನಿಮಗೂ ಹೀಗಾಗಿದ್ದರೆ ಗ್ಯಾರೇಜಿನಲ್ಲಿ ಪಾರ್ಟ್ ಬದಲಿಸಿ ಸುಮ್ಮನಾಗಬೇಡಿ. ಮುರಿದ ಪಾರ್ಟ್ ಇಟ್ಟುಕೊಳ್ಳಿ, ಫೋಟೊ ತೆಗೆಯಿರಿ, ಸರ್ವೀಸಿನವರು ಹೇಳಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ, ದೂರು ಹಾಕಿ. ಸಾರಿಗೆ ಸಚಿವಾಲಯದವರೇ, ಯಾವ ಮಾಡೆಲ್ ಮೇಲೆ ಎಷ್ಟು ದೂರು ಬಂದಿವೆ ಅಂತ ಎಲ್ಲರಿಗೂ ಕಾಣುವಂತೆ ಹಾಕಿ. ಕಾರು ಕೊಳ್ಳುವ ಮೊದಲೇ ನಾವು ನೋಡಿಕೊಳ್ತೀವಿ.